ಕಾಲೇಜಿನ ಊಟದ ಬಿಲ್ ಓದುವುದು ಹೇಗೆ?

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇಂದು ಒಂದು ಹೊಸ ಬಗೆಯ ಲೆಕ್ಕ ನಡೆಯುತ್ತಿದೆ. ವಿದ್ಯಾರ್ಥಿಗಳು ಉಣ್ಣುವ ಡೈನಿಂಗ್ ಹಾಲಿಗೆ ಬರುವ ತರಕಾರಿ, ಹಾಲು, ಮಾಂಸ, ಧಾನ್ಯಗಳಲ್ಲಿ ಎಷ್ಟು ಪಾಲು ಸುತ್ತಲಿನ ರೈತರದು, ಎಷ್ಟು ಪಾಲು ಮಣ್ಣನ್ನೂ ದುಡಿಯುವವರನ್ನೂ ಪ್ರಾಣಿಗಳನ್ನೂ ಹಿಂಸಿಸದೆ ಬೆಳೆದದ್ದು ಎಂದು ಬಿಲ್ ನೋಡಿ ತಿಳಿಯುವ ಲೆಕ್ಕ ಅದು. ಅಲ್ಲಿಗೆ ಓದಲು ಹೋಗುವ ನಮ್ಮ ಮಕ್ಕಳು ಈ ಕೆಲಸದಲ್ಲಿ ಕೈಜೋಡಿಸಬಹುದು. ಇಲ್ಲೇ ಇದ್ದು ಹಾಸ್ಟೆಲಿನ ಮೆಸ್ ಕಮಿಟಿಯಲ್ಲಿ ಕೂರುವವರೂ ಇದರಿಂದ ಕಲಿಯಬಹುದು. ಏನೂ ಗೊತ್ತಿಲ್ಲದವರಿಗೂ ತಿಳಿಯುವ ಹಾಗೆ, ಮೊದಲಿನಿಂದ ನಿಧಾನವಾಗಿ ನೋಡುತ್ತಾ ಹೋಗೋಣ.

ಒಂದು ಬಿಲ್ಲಿನ ಒಂದೇ ಸಾಲನ್ನು ಮುಂದಿಟ್ಟುಕೊಳ್ಳಿ. ‘ಟೊಮೆಟೊ, 5x6, 25 ಪೌಂಡ್, 12 ಪೆಟ್ಟಿಗೆ’ ಎಂದಿದೆ, ಪಕ್ಕದಲ್ಲಿ ಬೆಲೆ. 5x6 ಎಂದರೆ ಹಣ್ಣಿನ ಗಾತ್ರ. ಪೆಟ್ಟಿಗೆಯಲ್ಲಿ ಸಾಲಿಗೆ ಎಷ್ಟು ಹಣ್ಣು ಕೂರುತ್ತವೆ ಎಂಬುದರಿಂದ ಬಂದ ಸಗಟು ವ್ಯಾಪಾರದ ಗುರುತು. 25 ಪೌಂಡ್ ಎಂದರೆ ಸುಮಾರು ಹನ್ನೊಂದು ಕಿಲೊ. ಹಣ್ಣಿನ ಗಾತ್ರವನ್ನು ಇಷ್ಟು ಕರಾರುವಾಕ್ಕಾಗಿ ಹೇಳುವ ಈ ಸಾಲು, ಅದು ಯಾವ ಹೊಲದಲ್ಲಿ ಬೆಳೆಯಿತು, ಯಾರು ಕಿತ್ತರು, ಅವರಿಗೆ ಎಷ್ಟು ಕೂಲಿ ಸಿಕ್ಕಿತು ಎಂಬುದರ ಬಗ್ಗೆ ಬಾಯಿಯನ್ನೇ ಬಿಡುವುದಿಲ್ಲ. ಅಂಗಡಿಯಲ್ಲಿ ಮಾರುವ ಹಣ್ಣು, ತರಕಾರಿ, ಮೀನುಗಳ ಮೇಲೆ ಯಾವ ದೇಶದ್ದೆಂದು ಬರೆಯಬೇಕೆಂದು ಅಮೆರಿಕದಲ್ಲಿ ಕಾನೂನಿದೆ. ಆದರೆ ಹೋಟೆಲು, ಕ್ಯಾಂಟೀನು, ಕಾಲೇಜಿನ ಊಟದ ಮನೆಗಳಿಗೆ ಆ ಕಾನೂನು ಅನ್ವಯಿಸುವುದಿಲ್ಲ. ಹಾಗಾಗಿ ಉಣ್ಣುವವನಿಗೆ ತಾನಾಗಿಯೇ ಏನೂ ತಿಳಿಯುವುದಿಲ್ಲ. ಯಾರಾದರೂ ಕೂತು, ಕೇಳಿ, ಬರೆದಿಡಬೇಕು. ನಾವು ಮಾತಾಡುತ್ತಿರುವ ಕೆಲಸ ಇದೇ.

ಊಟ ಬರುವ ದಾರಿಯನ್ನು ಮೊದಲು ತಿಳಿಯಬೇಕು. ಅಮೆರಿಕದ ಬಹುತೇಕ ಕಾಲೇಜುಗಳಲ್ಲಿ ವಿದ್ಯಾರ್ಥಿ ಸೆಮಿಸ್ಟರ್ ಆರಂಭದಲ್ಲೇ ಮೀಲ್ ಪ್ಲ್ಯಾನ್ ಕೊಂಡು ಹಣ ಕಟ್ಟಿಬಿಡುತ್ತಾನೆ. ಕೆಲವು ಕಡೆ ಅಡುಗೆಯನ್ನು ವಿಶ್ವವಿದ್ಯಾಲಯವೇ ನಡೆಸುತ್ತದೆ. ಹಲವು ಕಡೆ ಗುತ್ತಿಗೆ ಕಂಪನಿಗಳಿವೆ: ಫ್ರಾನ್ಸಿನ ಸೊಡೆಕ್ಸೊ, ಫಿಲಡೆಲ್ಫಿಯಾದ ಅರಾಮಾರ್ಕ್, ಇಂಗ್ಲೆಂಡಿನ ಕಂಪಾಸ್ ಗ್ರೂಪ್. ಈ ಕಂಪನಿಗಳು ಸಾಮಾನನ್ನು ಹೆಚ್ಚಾಗಿ ಸಿಸ್ಕೊ, ಯು.ಎಸ್. ಫುಡ್ಸ್‌ನಂಥ ದೊಡ್ಡ ಸಗಟು ವಿತರಕರಿಂದ ತರಿಸುತ್ತವೆ. ಒಂದೇ ತಯಾರಕನಿಂದ ಹೆಚ್ಚು ಕೊಂಡರೆ ಆ ತಯಾರಕ ಗುತ್ತಿಗೆ ಕಂಪನಿಗೆ ಒಂದಷ್ಟು ಹಣವನ್ನು ರಿಬೇಟ್ ಎಂದು ಹಿಂದಕ್ಕೆ ಕೊಡುತ್ತಾನೆ. ಈ ರಿಬೇಟನ್ನು ಚೆನ್ನಾಗಿ ನೆನಪಿಡಿ. ಪಕ್ಕದ ಊರಿನ ಸಣ್ಣ ರೈತ ಎಷ್ಟೇ ಒಳ್ಳೆಯ ಕ್ಯಾರೆಟ್ ಬೆಳೆದರೂ ರಿಬೇಟ್ ಕೊಡಲಾರ. ಒಳ್ಳೆಯ ಮನಸ್ಸಿನ ಅಡುಗೆ ಮುಖ್ಯಸ್ಥನಿದ್ದರೂ ಸ್ಥಳೀಯ ತರಕಾರಿ ಅಡುಗೆಮನೆಯ ಬಾಗಿಲು ದಾಟದಿರುವುದಕ್ಕೆ ಎಷ್ಟೋ ಕಡೆ ಕಾರಣ ಇಲ್ಲಿದೆ.

ಇದನ್ನು ಬದಲಿಸುವ ಪ್ರಯತ್ನಗಳು 1990ರ ದಶಕದ ಕೊನೆಯಿಂದ ಕಾಣಿಸುತ್ತವೆ. ಕಾಲೇಜುಗಳಿಗೆ ಊಟ ಒದಗಿಸುವ ಬಾನ್ ಅಪೆಟಿ ಎಂಬ ಕ್ಯಾಲಿಫೋರ್ನಿಯಾದ ಕಂಪನಿ 1999ರಲ್ಲಿ ‘ಫಾರ್ಮ್ ಟು ಫೋರ್ಕ್’ ಎಂಬ ಕಾರ್ಯಕ್ರಮ ಆರಂಭಿಸಿ, 150 ಮೈಲಿಯೊಳಗಿನ ಸಣ್ಣ ರೈತರಿಂದಲೇ ಕೊಳ್ಳಲು ತನ್ನ ಅಡುಗೆಯವರಿಗೆ ಗುರಿ ಕೊಟ್ಟಿತು. 2001ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ, ಷೆ ಪನೀಸ್ ರೆಸ್ಟೊರೆಂಟಿನ ಆಲಿಸ್ ವಾಟರ್ಸ್ ಅವರ ಒತ್ತಾಸೆಯಿಂದ ಸುಸ್ಥಿರ ಆಹಾರದ ಯೋಜನೆ ಶುರುವಾಯಿತು. ಯೇಲ್ ಒಂದು ಎಕರೆಯಷ್ಟು ತೋಟವನ್ನೂ ಮಾಡಿತು. ತೋಟ ನೋಡಿದವರು ಕಾಲೇಜಿನ ಊಟವೆಲ್ಲ ಅಲ್ಲಿಂದಲೇ ಬರುತ್ತದೆ ಎಂದುಕೊಳ್ಳುವುದುಂಟು. ಒಂದು ಎಕರೆಯ ಸೊಪ್ಪು ತರಕಾರಿ ಸಾವಿರಾರು ಜನರಿಗೆ ಸಾಲುವುದಿಲ್ಲ. ತೋಟ ಕಲಿಸುವುದಕ್ಕಿದೆ; ಹೊಟ್ಟೆ ತುಂಬಿಸುವುದು ಬಿಲ್ಲಿನಲ್ಲಿರುವ ಸಾಮಾನು. ನಮ್ಮ ಕಣ್ಣು ಬಿಲ್ಲಿನ ಮೇಲೇ ಇರಬೇಕು ಎನ್ನುವುದು ಅದಕ್ಕಾಗಿ.

2008ರಲ್ಲಿ ವಿದ್ಯಾರ್ಥಿಗಳೇ ಮುಂದೆ ನಿಂತು ‘ರಿಯಲ್ ಫುಡ್ ಚಾಲೆಂಜ್’ ಎಂಬ ಚಳವಳಿ ಕಟ್ಟಿದರು. ದೇಶದ ಕಾಲೇಜುಗಳು ಊಟಕ್ಕೆ ಖರ್ಚು ಮಾಡುವ ಹಣದಲ್ಲಿ ವರ್ಷಕ್ಕೆ 100 ಕೋಟಿ ಡಾಲರನ್ನು 2020ರೊಳಗೆ ಒಳ್ಳೆಯ ಆಹಾರದ ಕಡೆ ತಿರುಗಿಸಬೇಕೆಂಬುದು ಅವರ ಗುರಿ. ಕೇಳಿದ್ದು ಹೊಸ ಹಣವನ್ನಲ್ಲ, ಹೇಗೂ ಖರ್ಚಾಗುವ ಹಣದ ದಿಕ್ಕನ್ನು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ತನ್ನ ಎಲ್ಲ ಕ್ಯಾಂಪಸ್‌ಗಳಿಗೆ 2020ರೊಳಗೆ ಊಟದ ಹಣದ ಶೇ. 20 ಈ ಕಡೆ ತಿರುಗಬೇಕೆಂಬ ಗುರಿ ಇಟ್ಟಿತು. ಬರ್ಲಿಂಗ್‌ಟನ್ ನಗರದಲ್ಲಿರುವ ವರ್ಮಾಂಟ್ ವಿಶ್ವವಿದ್ಯಾಲಯ 2012ರಲ್ಲಿ, ಚಳವಳಿಯ ಒಪ್ಪಂದಕ್ಕೆ ಸಹಿ ಹಾಕಿದ ಮೊದಲ ಕೆಲವು ಸಂಸ್ಥೆಗಳಲ್ಲಿ ಒಂದಾಗಿ, ಅಷ್ಟೇ ಗುರಿಯನ್ನು ಒಪ್ಪಿಕೊಂಡಿತು. ಇದರ ಜೊತೆಗೇ ಆಶಿ ಎಂಬ ಉನ್ನತ ಶಿಕ್ಷಣ ಸಂಸ್ಥೆಗಳ ಸಂಘ 2010ರಲ್ಲಿ ‘ಸ್ಟಾರ್ಸ್’ ಎಂಬ ಶ್ರೇಯಾಂಕ ಪದ್ಧತಿಯನ್ನು ತಂದಿತು. ವಿದ್ಯುತ್ತು, ನೀರು, ಪಾಠ, ಕಟ್ಟಡ ಎಲ್ಲದರ ಜೊತೆ ಊಟದ ಖರೀದಿಗೂ ಅದರಲ್ಲಿ ಅಂಕಗಳಿವೆ. ಲೆಕ್ಕವನ್ನು ಕಾಲೇಜೇ ಕೊಡಬೇಕು, ಅದು ಯಾರಾದರೂ ತೆರೆದು ಓದುವಂತೆ ಇರಬೇಕು. ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ ಎಂಬ ದರ್ಜೆಗಳಿಗಾಗಿ ಕಾಲೇಜುಗಳು ಪೈಪೋಟಿಗೆ ಬಿದ್ದ ಮೇಲೆ ಬಿಲ್ ಓದುವವರಿಗೆ ಬೇಡಿಕೆ ಬಂತು.

ಈಗ ‘ಸ್ಥಳೀಯ’ ಎಂದರೆ ಏನೆಂದು ನೋಡೋಣ. ಹೊಸಬರು ಮೊದಲು ಮುಗ್ಗರಿಸುವುದು ಇಲ್ಲೇ.

ಬಾನ್ ಅಪೆಟಿಯ ಗೆರೆ 150 ಮೈಲಿ, ಅಂದರೆ ಸುಮಾರು 240 ಕಿಲೊಮೀಟರ್. ಬೆಂಗಳೂರಿನಿಂದ ಚಿಕ್ಕಮಗಳೂರಿನಷ್ಟು ದೂರ. ಅಮೆರಿಕದ 2008ರ ಕೃಷಿ ಕಾಯ್ದೆಯೊಂದರಲ್ಲಿ, 400 ಮೈಲಿಯೊಳಗೆ ಅಥವಾ ಅದೇ ರಾಜ್ಯದೊಳಗೆ ಬೆಳೆದದ್ದು ಸ್ಥಳೀಯ ಎಂದಿದೆ. 400 ಮೈಲಿ ಎಂದರೆ 640 ಕಿಲೊಮೀಟರ್. ಬೆಂಗಳೂರಿನಿಂದ ಹೊರಟವರು ಕಲಬುರಗಿಯನ್ನೂ ದಾಟಬಹುದು. ಒಂದು ಕಾಲೇಜು ‘ನಮ್ಮಲ್ಲಿ ಶೇ. 30 ಸ್ಥಳೀಯ’ ಎಂದು ಬೋರ್ಡು ಹಾಕಿದರೆ ಯಾವ ಗೆರೆಯೊಳಗೆ ಎಂದು ಮೊದಲು ಕೇಳಿ. ಗೆರೆ ಹೇಳದ ಶೇಕಡಾವಾರಿಗೆ ಅರ್ಥವಿಲ್ಲ. ಗೆರೆ ದೊಡ್ಡದಾಗಿದ್ದರೆ ತಪ್ಪೇನಲ್ಲ, ಚಳಿನಾಡಿನಲ್ಲಿ ಅದು ಬೇಕಾಗಬಹುದು. ಆದರೆ ಒಂದು ವರ್ಷ ಒಂದು ಗೆರೆ, ಮರುವರ್ಷ ಇನ್ನೊಂದು ಗೆರೆ ಹಾಕಿಕೊಂಡು ‘ನಾವು ಮುಂದುವರಿದೆವು’ ಎನ್ನುವುದು ಮಾತ್ರ ತಪ್ಪು.

ದೂರ ಒಂದೇ ಸಾಲದು. ರಿಯಲ್ ಫುಡ್ ಚಾಲೆಂಜಿನವರು ದೂರದ ಜೊತೆ ಇನ್ನೆರಡು ಪ್ರಶ್ನೆ ಸೇರಿಸಿದರು: ಒಡೆಯರು ಯಾರು, ಉದ್ಯಮ ಎಷ್ಟು ದೊಡ್ಡದು? ಇದನ್ನು ಅರ್ಥಮಾಡಿಕೊಳ್ಳಲು ವರ್ಮಾಂಟಿನ ಬೆನ್ ಅಂಡ್ ಜೆರ್ರೀಸ್ ಐಸ್‌ಕ್ರೀಮಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಬರ್ಲಿಂಗ್‌ಟನ್ನಿನಲ್ಲೇ 1978ರಲ್ಲಿ ಹುಟ್ಟಿದ ಕಂಪನಿ. ವರ್ಮಾಂಟಿನಲ್ಲಿ ಕಾರ್ಖಾನೆಗಳಿವೆ, ಸುತ್ತಲಿನ ಹಸುಗಳ ಹಾಲು ಬಳಕೆಯಾಗುತ್ತದೆ, ಊರಿನವರಿಗೆ ಅದರ ಮೇಲೆ ಅಭಿಮಾನವಿದೆ. ಆದರೆ 2000ದಲ್ಲಿ ಅದನ್ನು ಯೂನಿಲಿವರ್ ಎಂಬ ಬಹುರಾಷ್ಟ್ರೀಯ ಕಂಪನಿ ಕೊಂಡಿತು. ದೂರವನ್ನಷ್ಟೇ ನೋಡಿದರೆ ಅದು ಸ್ಥಳೀಯ. ಒಡೆತನವನ್ನೂ ನೋಡಿದರೆ ಅಲ್ಲ. ಅದೇ ರಾಜ್ಯದ ಕ್ಯಾಬಟ್ ಚೀಸ್ ಬೇರೆ ಕಥೆ. ಅದು ನಮ್ಮ ನಂದಿನಿಯ ಹಾಗೆ ಹಾಲು ಹಾಕುವ ರೈತರದೇ ಸಹಕಾರಿ ಸಂಸ್ಥೆ. ಉದ್ಯಮ ದೊಡ್ಡದೇ, ಆದರೆ ಲಾಭ ಕೊಟ್ಟಿಗೆಗೆ ವಾಪಸಾಗುತ್ತದೆ. ಒಡೆತನದ ಪ್ರಶ್ನೆ ಕೇಳಿದವರು ಸರಿಯಾಗಿಯೇ ಕೇಳಿದರು ಎಂದು ನನ್ನ ಅಭಿಪ್ರಾಯ. ಸ್ಥಳೀಯ ಆಹಾರ ಕೊಳ್ಳುವುದರ ಮುಖ್ಯ ಉದ್ದೇಶವೇ ಹಣ ಊರಿನಲ್ಲಿ ಸುತ್ತಾಡಲಿ ಎಂಬುದು. ಹಣ ಎಲ್ಲಿಗೆ ಹೋಯಿತೆಂದು ನೋಡದೆ ಲಾರಿ ಎಲ್ಲಿಂದ ಬಂತೆಂದು ಮಾತ್ರ ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಎರಡನೆಯ ಪದ ‘ಸುಸ್ಥಿರ’. ಸ್ಥಳೀಯವಾದದ್ದೆಲ್ಲ ಸುಸ್ಥಿರ, ಸುಸ್ಥಿರವಾದದ್ದೆಲ್ಲ ಸ್ಥಳೀಯ ಎಂದುಕೊಳ್ಳುವುದು ಸಹಜ. ಎರಡೂ ಬೇರೆ ಬೇರೆ ಪ್ರಶ್ನೆಗಳು. ಇದನ್ನು ಮನದಟ್ಟು ಮಾಡಿಕೊಳ್ಳಲು ಒಂದು ಸಮುದ್ರದ ಉದಾಹರಣೆ, ಒಂದು ಹೊಲದ ಉದಾಹರಣೆ ಸಾಕು.

ಮೇನ್ ರಾಜ್ಯದ ಕರಾವಳಿಯಲ್ಲಿ ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿಯಂಥ ಜೀವಿಯನ್ನು ಹಿಡಿಯುವುದು ಹಳೆಯ ಕಸುಬು. ದೋಣಿಗಳು ಸಣ್ಣವು, ದೋಣಿಯ ಒಡೆಯರೇ ಕಡಲಿಗಿಳಿಯುವವರು. ಸ್ಥಳೀಯ ಎಂಬ ಪದಕ್ಕೆ ಅದಕ್ಕಿಂತ ತಕ್ಕ ಆಹಾರ ಅಲ್ಲಿಲ್ಲ. ಆದರೆ 2022ರಲ್ಲಿ, ಯಾವ ಕಡಲ ಆಹಾರ ಕೊಳ್ಳಬಹುದು, ಯಾವುದು ಬೇಡ ಎಂದು ಹಸಿರು, ಹಳದಿ, ಕೆಂಪು ಪಟ್ಟಿ ಮಾಡುವ ‘ಸೀಫುಡ್ ವಾಚ್’ ಅದನ್ನು ಕೆಂಪು ಪಟ್ಟಿಗೆ ಹಾಕಿತು. ಲಾಬ್‌ಸ್ಟರ್ ಬೋನುಗಳ ಹಗ್ಗ ಸಮುದ್ರದಲ್ಲಿ ನೇರವಾಗಿ ಇಳಿಬಿದ್ದಿರುತ್ತದೆ, ಅದಕ್ಕೆ ರೈಟ್ ವೇಲ್ ಎಂಬ ತಿಮಿಂಗಿಲಗಳು ಸಿಕ್ಕಿಕೊಳ್ಳುವ ಅಪಾಯವಿದೆ ಎಂಬುದು ಕಾರಣ. ಆಗಿನ ಅಂದಾಜಿನಂತೆ ಉತ್ತರ ಅಟ್ಲಾಂಟಿಕ್‌ನಲ್ಲಿ ಆ ತಿಮಿಂಗಿಲಗಳು ಉಳಿದಿದ್ದದ್ದು 350ಕ್ಕಿಂತ ಕಡಿಮೆ. ಮೀನುಗಾರರು ಈ ತೀರ್ಮಾನವನ್ನು ಒಪ್ಪಲಿಲ್ಲ. ತಮ್ಮ ಬೋನಿನಿಂದ ತಿಮಿಂಗಿಲ ಸತ್ತದ್ದಕ್ಕೆ ಪುರಾವೆ ಎಲ್ಲಿ ಎಂದು ಕೇಳಿದರು. ಈಗ ಹೇಳಿ, ಅಲ್ಲಿಯ ಕಾಲೇಜೊಂದರ ಬಿಲ್ಲಿನಲ್ಲಿ ಲಾಬ್‌ಸ್ಟರ್ ಕಂಡರೆ ಲೆಕ್ಕದ ಹಾಳೆಯಲ್ಲಿ ಯಾವ ಕಂಬಸಾಲಿಗೆ, ಅಂದರೆ ಕಾಲಂಗೆ, ಹಾಕುತ್ತೀರಿ? ಉತ್ತರ ಸರಳ. ಸ್ಥಳೀಯ ಎಂಬ ಕಂಬಸಾಲಿನಲ್ಲಿ ‘ಹೌದು’, ಪರಿಸರದ ಕಂಬಸಾಲಿನಲ್ಲಿ ‘ಇಲ್ಲ’. ಎರಡು ಉತ್ತರವನ್ನೂ ಬರೆಯಬೇಕು. ಒಂದನ್ನು ಇನ್ನೊಂದರಿಂದ ಮುಚ್ಚಬಾರದು.

ಇನ್ನು ಹೊಲದ ಉದಾಹರಣೆ, ಮತ್ತೆ ಟೊಮೆಟೊ. ಚಳಿಗಾಲದಲ್ಲಿ ಅಮೆರಿಕದ ಪೂರ್ವ ಭಾಗದ ಕಾಲೇಜುಗಳಿಗೆ ಬರುವ ಟೊಮೆಟೊದಲ್ಲಿ ದೊಡ್ಡ ಪಾಲು ಫ್ಲಾರಿಡಾದ್ದು. ಅಲ್ಲಿನ ಇಮ್ಮೊಕಾಲೀ ಎಂಬ ಊರಿನ ಸುತ್ತ ಹಣ್ಣು ಕೀಳುವವರು ಬಹುತೇಕ ಮೆಕ್ಸಿಕೊ, ಗ್ವಾಟೆಮಾಲಾ, ಹೈಟಿಯಿಂದ ಬಂದ ಕೂಲಿಗಳು. 32 ಪೌಂಡಿನ ಒಂದು ಬಕೆಟ್ ತುಂಬಿದರೆ ಸಿಗುತ್ತಿದ್ದದ್ದು 50 ಸೆಂಟಿನ ಆಸುಪಾಸು. ಅವರು 1993ರಲ್ಲಿ ಸಂಘಟಿತರಾಗಿ, ತೋಟದ ಮಾಲೀಕರ ಜೊತೆಗೆ ದೊಡ್ಡ ಕೊಳ್ಳುಗರನ್ನೂ ಕೇಳತೊಡಗಿದರು: ಪೌಂಡಿಗೆ ಒಂದು ಸೆಂಟ್ ಹೆಚ್ಚು ಕೊಡಿ, ಅದು ನೇರವಾಗಿ ನಮ್ಮ ಕೂಲಿಗೆ ಸೇರಲಿ. 2001ರಲ್ಲಿ ಟ್ಯಾಕೊ ಬೆಲ್ ಎಂಬ ಫಾಸ್ಟ್‌ಫುಡ್ ಸರಣಿಯ ಬಹಿಷ್ಕಾರಕ್ಕೆ ಕರೆ ಕೊಟ್ಟಾಗ ಕಾಲೇಜು ವಿದ್ಯಾರ್ಥಿಗಳು ಬೆನ್ನಿಗೆ ನಿಂತರು. ಹಲವು ಕ್ಯಾಂಪಸ್‌ಗಳಲ್ಲಿ ಅದರ ಅಂಗಡಿ ಬೇಡವೆಂದು ಹಟ ಹಿಡಿದರು. 2005ರಲ್ಲಿ ಕಂಪನಿ ಒಪ್ಪಿಕೊಂಡಿತು. ಆಮೇಲೆ ಕೂಲಿಕಾರರ ಮತ್ತು ವಿದ್ಯಾರ್ಥಿಗಳ ದೃಷ್ಟಿ ಡೈನಿಂಗ್ ಹಾಲಿನತ್ತ ಹೊರಳಿತು. 2009ರಲ್ಲಿ ಬಾನ್ ಅಪೆಟಿ ಮತ್ತು ಕಂಪಾಸ್, 2010ರಲ್ಲಿ ಅರಾಮಾರ್ಕ್ ಮತ್ತು ಸೊಡೆಕ್ಸೊ ಸಹಿ ಹಾಕಿದವು. 2011ರಿಂದ ‘ಫೇರ್ ಫುಡ್ ಪ್ರೋಗ್ರಾಂ’ ಎಂಬ ಹೆಸರಿನಲ್ಲಿ ಫ್ಲಾರಿಡಾದ ಬಹುತೇಕ ಟೊಮೆಟೊ ತೋಟಗಳಲ್ಲಿ ತಪಾಸಣೆ, ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ದೂರು ಹೇಳುವ ಫೋನ್, ನೆರಳು, ಕುಡಿಯುವ ನೀರು ಎಲ್ಲವೂ ಜಾರಿಗೆ ಬಂದವು.

ಈ ಟೊಮೆಟೊ ವರ್ಮಾಂಟಿಗೆ ಎರಡು ಸಾವಿರ ಕಿಲೊಮೀಟರಿಗೂ ಹೆಚ್ಚು ದೂರದಿಂದ ಬರುತ್ತದೆ. ಸ್ಥಳೀಯ ಅಲ್ಲವೇ ಅಲ್ಲ. ಆದರೆ ನ್ಯಾಯದ ಕಂಬಸಾಲಿನಲ್ಲಿ ಅದಕ್ಕೆ ಗಟ್ಟಿಯಾದ ‘ಹೌದು’ ಇದೆ. ದೂರದ ಕೂಲಿಕಾರರ ಬದುಕನ್ನು ಬದಲಿಸಿದ್ದರಲ್ಲಿ ಊಟದ ಸಾಲಿನಲ್ಲಿ ನಿಂತ ವಿದ್ಯಾರ್ಥಿಗಳ ಪಾಲಿದೆ ಎಂಬುದು ನನಗೆ ಬಹಳ ದೊಡ್ಡ ವಿಷಯ. ಈ ಲೆಕ್ಕವನ್ನು ಕಾಗದದ ಕೆಲಸ ಎಂದು ಹಗುರವಾಗಿ ಕಾಣುವವರಿಗೆ ಇಮ್ಮೊಕಾಲೀಯ ಕಥೆಯನ್ನು ನಾನು ಮೊದಲು ಹೇಳುತ್ತೇನೆ.

ಹಾಗಾಗಿ ರಿಯಲ್ ಫುಡ್ ಚಾಲೆಂಜಿನವರು ಪ್ರತಿ ವಸ್ತುವಿನ ಮುಂದೆ ನಾಲ್ಕು ಕಂಬಸಾಲು ಎಳೆದರು. ಸ್ಥಳೀಯ ಸಮುದಾಯದ್ದೇ, ದುಡಿಯುವವರಿಗೆ ನ್ಯಾಯವಿದೆಯೇ, ಮಣ್ಣು ನೀರಿಗೆ ಹಿತವೇ, ಪ್ರಾಣಿಗಳಿಗೆ ಕರುಣೆ ಇದೆಯೇ? ಒಂದಕ್ಕಾದರೂ ಆಧಾರಸಹಿತ ‘ಹೌದು’ ಇದ್ದರೆ ಲೆಕ್ಕಕ್ಕೆ ಬರುತ್ತದೆ. ಎರಡಕ್ಕೆ ಇದ್ದರೆ ಮೇಲಿನ ದರ್ಜೆ. ತೀರಾ ಕೆಟ್ಟ ಗುಣವಿದ್ದರೆ ಉಳಿದದ್ದೆಲ್ಲ ಚೆನ್ನಾಗಿದ್ದರೂ ಹೊರಗೆ.

‘ಆಧಾರಸಹಿತ’ ಎಂಬ ಪದಕ್ಕೆ ಗೆರೆ ಎಳೆದುಕೊಳ್ಳಿ. ಪೊಟ್ಟಣದ ಮೇಲಿನ ಚಿತ್ರದಲ್ಲಿ ಹಸಿರು ಗುಡ್ಡ, ಕೆಂಪು ಕೊಟ್ಟಿಗೆ ಇದ್ದ ಮಾತ್ರಕ್ಕೆ ಆಧಾರವಾಗುವುದಿಲ್ಲ. ಅಮೆರಿಕದಲ್ಲಿ ಮಾಂಸದ ಮೇಲೆ ‘ನ್ಯಾಚುರಲ್’ ಎಂದು ಬರೆಯಲು, ಕೃತಕ ಪದಾರ್ಥ ಸೇರಿಸಿಲ್ಲ, ಹೆಚ್ಚು ಸಂಸ್ಕರಿಸಿಲ್ಲ ಎಂದಿದ್ದರೆ ಸಾಕು. ಪ್ರಾಣಿಯನ್ನು ಹೇಗೆ ಸಾಕಿದರು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಮೊಟ್ಟೆಯ ಮೇಲೆ ‘ಕೇಜ್ ಫ್ರೀ’ ಎಂದಿದ್ದರೆ ಕೋಳಿಯನ್ನು ಪಂಜರದಲ್ಲಿ ಇಟ್ಟಿಲ್ಲ ಎಂದಷ್ಟೇ ಅರ್ಥ, ಅದು ಬಿಸಿಲು ಕಂಡಿದೆ ಎಂದಲ್ಲ. ‘ಸಾವಯವ’ ಎಂಬ ಸರ್ಕಾರಿ ಮುದ್ರೆಗೆ ಕಾನೂನಿನ ಬಲವಿದೆ: ನಿಷೇಧಿಸಿದ ರಸಗೊಬ್ಬರ, ಕೀಟನಾಶಕಗಳಿಲ್ಲದೆ ಭೂಮಿ ಮೂರು ವರ್ಷ ಕಳೆದಿರಬೇಕು, ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು. ಇಲ್ಲಿ ಸಣ್ಣ ರೈತನ ಕಷ್ಟವೊಂದಿದೆ. ಮುದ್ರೆಗೆ ಹಣ ಬೇಕು, ಕಾಗದಪತ್ರ ಬೇಕು. ಸಾವಯವವಾಗಿಯೇ ಬೆಳೆದರೂ ಮುದ್ರೆ ಮಾಡಿಸದವರು ಎಷ್ಟೋ ಮಂದಿ. ಅಂಥವರ ಬೆಳೆಯನ್ನು ಪರಿಸರದ ಕಂಬಸಾಲಿಗೆ ಸುಮ್ಮನೆ ಸೇರಿಸಿಬಿಡಬೇಡಿ. ದೂರ ಮತ್ತು ಒಡೆತನ ಹೊಂದಿದರೆ ಸ್ಥಳೀಯಕ್ಕೆ ಸೇರಿಸಿ. ಮಿಕ್ಕದ್ದನ್ನು ಷರಾದಲ್ಲಿ ಬರೆಯಿರಿ.

ಇನ್ನೊಂದು ಭ್ರಮೆಯನ್ನೂ ಈಗಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ಹತ್ತಿರದ ಆಹಾರ ಕೊಂಡರೆ ಹವಾಮಾನದ ಸಮಸ್ಯೆ ಬಗೆಹರಿಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕ್ರಿಸ್ಟೊಫರ್ ವೆಬರ್ ಮತ್ತು ಸ್ಕಾಟ್ ಮ್ಯಾಥ್ಯೂಸ್ 2008ರಲ್ಲಿ ಅಮೆರಿಕದ ಮನೆಗಳ ಆಹಾರವನ್ನು ಲೆಕ್ಕ ಹಾಕಿ ನೋಡಿದರು. ಆಹಾರದಿಂದ ಹೊಮ್ಮುವ ಹಸಿರುಮನೆ ಅನಿಲದಲ್ಲಿ ಶೇ. 83 ಬೆಳೆಯುವ, ತಯಾರಿಸುವ ಹಂತದ್ದು. ಸಾಗಾಟದ್ದೆಲ್ಲ ಸೇರಿ ಶೇ. 11, ಉತ್ಪಾದಕನಿಂದ ಅಂಗಡಿಗೆ ತಲುಪಿಸುವುದು ಶೇ. 4 ಮಾತ್ರ. ಅಂದರೆ ತಟ್ಟೆಯಲ್ಲಿ ದನದ ಮಾಂಸ ಎಷ್ಟು, ಬೇಳೆಕಾಳು ಎಷ್ಟು ಎಂಬುದು ಲಾರಿ ಓಡಿದ ದೂರಕ್ಕಿಂತ ಹೆಚ್ಚು ಮುಖ್ಯ. ಸ್ಥಳೀಯ ಖರೀದಿಯನ್ನು ಊರಿನ ರೈತರಿಗಾಗಿ, ತಾಜಾತನಕ್ಕಾಗಿ, ಭೂಮಿ ಲೇಔಟ್ ಆಗದೆ ಹೊಲವಾಗಿಯೇ ಉಳಿಯಲೆಂದು ಸಮರ್ಥಿಸಿ. ಅದಕ್ಕಿಲ್ಲದ ಗುಣವನ್ನು ಅದರ ತಲೆಗೆ ಕಟ್ಟಬೇಡಿ. ‘ಸ್ಟಾರ್ಸ್’ನಲ್ಲಿ ಸಸ್ಯಾಹಾರದ ಪಾಲನ್ನೂ ಬೇರೆಯಾಗಿ ಕೇಳುವುದರ ಹಿಂದೆ ಈ ತಿಳಿವಳಿಕೆ ಇದೆ.

ಈಗ ಲೆಕ್ಕಕ್ಕೆ ಕೂರೋಣ. ಉದಾಹರಣೆಗೆಂದು ನಾನೇ ಕಟ್ಟಿದ ಅಂಕಿಗಳು ಇವು. ಒಂದು ಡೈನಿಂಗ್ ಹಾಲ್ ಒಂದು ತಿಂಗಳಲ್ಲಿ 2,00,000 ಡಾಲರಿನ ಆಹಾರ ಕೊಂಡಿತು ಎನ್ನಿ. ಅದರಲ್ಲಿ ಸ್ಥಳೀಯ ಎಂದು ಒಪ್ಪಿದ್ದು 30,000. ಸಾವಯವ, ನ್ಯಾಯಬೆಲೆ, ಪ್ರಾಣಿಹಿತದ ಮುದ್ರೆ ಇರುವುದು 24,000. ಎರಡೂ ಗುಣ ಇರುವ ವಸ್ತುಗಳು, ಉದಾಹರಣೆಗೆ ಪಕ್ಕದ ಊರಿನ ಸಾವಯವ ಹಾಲು, 10,000. ಈ 10,000 ಎರಡೂ ಕಡೆ ಸೇರಿಕೊಂಡಿದೆ, ಆದ್ದರಿಂದ ಒಮ್ಮೆ ಕಳೆಯಬೇಕು: 30,000ಕ್ಕೆ 24,000 ಕೂಡಿಸಿ 10,000 ಕಳೆದರೆ 44,000. ಒಟ್ಟಿನಲ್ಲಿ ಶೇ. 22. ಕಳೆಯುವುದನ್ನು ಮರೆತವರಿಗೆ 54,000 ಸಿಗುತ್ತದೆ, ಶೇ. 27 ಆಗುತ್ತದೆ. ಅದೇ ಬಿಲ್‌ಗಳಲ್ಲಿ ಸೋಡಾ, ಜ್ಯೂಸ್ ಮುಂತಾದ ಪಾನೀಯಗಳಿಗೆ 20,000 ಖರ್ಚಾಗಿದೆ, ಅದರಲ್ಲಿ ಒಂದೂ ಒಳ್ಳೆಯ ಗುಣದ್ದಲ್ಲ ಎಂದಿಟ್ಟುಕೊಳ್ಳಿ. ‘ಪಾನೀಯ ಆಹಾರವಲ್ಲ’ ಎಂದು ಯಾರೋ ಅದನ್ನು ಒಟ್ಟು ಮೊತ್ತದಿಂದಲೇ ತೆಗೆದರೆ ಭಾಗಿಸುವ ಸಂಖ್ಯೆ 1,80,000ಕ್ಕೆ ಇಳಿಯುತ್ತದೆ. ಆಗ 54,000 ಎಂಬುದು ಶೇ. 30. ಒಂದು ಕ್ಯಾರೆಟ್ಟೂ ಬದಲಾಗದೆ ಶೇ. 22 ಎಂಬುದು ಶೇ. 30 ಆಯಿತು! ಮೋಸ ಮಾಡಬೇಕೆಂದು ಯಾರೂ ಬಯಸದಿದ್ದರೂ ಹೀಗಾಗುತ್ತದೆ. ಆದ್ದರಿಂದ ಹೊಸಬರಿಗೆ ನಾನು ಒತ್ತಿ ಹೇಳುವುದು ಒಂದೇ: ಭಾಗಿಸುವ ಸಂಖ್ಯೆಯಲ್ಲಿ ಏನೇನು ಸೇರಿದೆ ಎಂದು ವರದಿಯ ಮೊದಲ ಸಾಲಿನಲ್ಲೇ ಬರೆಯಿರಿ. ಮೇಲಿನ ಸಂಖ್ಯೆಯನ್ನು ಎಲ್ಲರೂ ನೋಡುತ್ತಾರೆ, ಕೆಳಗಿನದನ್ನು ನೋಡುವವರು ಕಡಿಮೆ.

ಹಣದಲ್ಲಿ ಅಳೆಯಬೇಕೋ ತೂಕದಲ್ಲೋ ಎಂಬ ಪ್ರಶ್ನೆಯೂ ಬರುತ್ತದೆ. ಬಿಲ್ಲಿನಲ್ಲಿ ಒಂದು ವಸ್ತು ಪೌಂಡಿನಲ್ಲಿ, ಇನ್ನೊಂದು ಪೆಟ್ಟಿಗೆಯಲ್ಲಿ, ಮತ್ತೊಂದು ನಂಬರ್ 10 ಎಂದು ಕರೆಯುವ ದೊಡ್ಡ ಡಬ್ಬಿಯಲ್ಲಿ ಇರುತ್ತದೆ. ಎಲ್ಲಕ್ಕೂ ಸಾಮಾನ್ಯವಾಗಿರುವುದು ಡಾಲರ್ ಒಂದೇ, ಹೀಗಾಗಿ ಬಹುತೇಕರು ಹಣದಲ್ಲೇ ಅಳೆಯುತ್ತಾರೆ. ಒಳ್ಳೆಯ ಆಹಾರದ ಬೆಲೆ ಸಾಮಾನ್ಯವಾಗಿ ಹೆಚ್ಚು. ಹಾಗಾಗಿ ತಟ್ಟೆಯಲ್ಲಿ ಅದರ ಪಾಲು ವರದಿಯ ಶೇಕಡಾವಾರಿಗಿಂತ ಕಡಿಮೆಯೇ ಇರುತ್ತದೆ ಎಂಬುದು ತಿಳಿದಿರಲಿ.

ಕೆಲಸ ಹೇಗೆ ಸಾಗುತ್ತದೆ? ವಿತರಕರ ಹತ್ತಿರ ‘ವೆಲಾಸಿಟಿ ರಿಪೋರ್ಟ್’ ಎಂಬ ಪಟ್ಟಿ ಇರುತ್ತದೆ: ಯಾವ ವಸ್ತು, ಯಾವ ಬ್ರ್ಯಾಂಡ್, ಎಷ್ಟು ಸಲ, ಎಷ್ಟು ಹಣಕ್ಕೆ. ಕೇಳಿದರೆ ಕೊಡುತ್ತಾರೆ, ಕೆಲವೊಮ್ಮೆ ಬಹಳ ಕೇಳಬೇಕಾಗುತ್ತದೆ. ಅದನ್ನು ಸ್ಪ್ರೆಡ್‌ಶೀಟಿಗೆ ಹಾಕಿ ಹೆಚ್ಚು ಹಣ ಹೋದ ವಸ್ತುಗಳನ್ನು ಮೇಲೆ ತನ್ನಿ. ಕೊತ್ತಂಬರಿ ಸೊಪ್ಪಿನ ಜಾತಕ ಹುಡುಕುತ್ತ ವಾರ ಕಳೆಯಬೇಡಿ. ಹಾಲು, ಚಿಕನ್, ದನದ ಮಾಂಸ, ಮೊಟ್ಟೆ, ಬ್ರೆಡ್, ಕಾಫಿ ಇವುಗಳಿಂದ ಶುರುಮಾಡಿ. ಪ್ರತಿ ವಸ್ತುವಿಗೂ ವಿತರಕನನ್ನು, ಆಮೇಲೆ ತಯಾರಕನನ್ನು, ಸಾಧ್ಯವಾದರೆ ರೈತನನ್ನು ಕೇಳಿ. ಉತ್ತರ ಬಾರದಿದ್ದರೆ ಆ ಸಾಲಿನಲ್ಲಿ ‘ಗೊತ್ತಿಲ್ಲ’ ಎಂದು ಬರೆದು, ಒಳ್ಳೆಯದರ ಲೆಕ್ಕಕ್ಕೆ ಸೇರಿಸದೆ ಬಿಡಿ. ವರ್ಷವಿಡೀ ಓದಲು ಆಗದಿದ್ದರೆ ಬೇರೆ ಬೇರೆ ಋತುವಿನ ಎರಡು ತಿಂಗಳನ್ನಾದರೂ ತೆಗೆದುಕೊಳ್ಳಿ. ಸೆಪ್ಟೆಂಬರ್ ಒಂದನ್ನೇ ನೋಡಿದರೆ ಸುಗ್ಗಿಯ ಅಂಕಿ ಸಿಗುತ್ತದೆ, ಫೆಬ್ರುವರಿಯಲ್ಲಿ ಹಿಮ ಬಿದ್ದಾಗಿನ ಸತ್ಯ ಬೇರೆ.

ಋತುವಿನ ಈ ತೊಡಕು ಅಮೆರಿಕದ ಉತ್ತರ ರಾಜ್ಯಗಳಲ್ಲಿ ಬಹಳ ಕಾಡುತ್ತದೆ. ಹೊಲ ತುಂಬಿರುವ ಜೂನ್, ಜುಲೈ, ಆಗಸ್ಟಿನಲ್ಲಿ ವಿದ್ಯಾರ್ಥಿಗಳು ರಜೆಯಲ್ಲಿರುತ್ತಾರೆ. ಅವರು ಮರಳಿದ ಕೆಲವೇ ವಾರಗಳಲ್ಲಿ ಸುಗ್ಗಿ ಮುಗಿದು, ಉಳಿಯುವುದು ಸೇಬು, ಆಲೂಗಡ್ಡೆ, ಕ್ಯಾರೆಟ್, ಬೀಟ್‌ರೂಟ್, ಕೋಸು. ಗಾಜಿನ ಮನೆಗೆ ಹೀಟರ್ ಇಟ್ಟು ಟೊಮೆಟೊ ಬೆಳೆಯಬಹುದು, ಆದರೆ ಇಂಧನ ಸುಡಬೇಕು. ಋತುವಲ್ಲದೆ ಬೇರೆ ತೊಡಕುಗಳೂ ಇವೆ: ಗುತ್ತಿಗೆ ಕಂಪನಿಗಳು ರೈತನಿಂದ ಹತ್ತು ಲಕ್ಷ ಡಾಲರಿನಿಂದ ಶುರುವಾಗುವ ಹೊಣೆಗಾರಿಕೆ ವಿಮೆಯನ್ನೂ, ಆಹಾರ ಸುರಕ್ಷತೆಯ ತಪಾಸಣೆಯನ್ನೂ ಕೇಳುತ್ತವೆ. ಮಳೆ, ಪ್ರವಾಹ ಯಾರ ಕೈಯಲ್ಲೂ ಇಲ್ಲ. ವರ್ಮಾಂಟ್ ವಿಶ್ವವಿದ್ಯಾಲಯದ ಊರಿನ ಅಂಚಿನಲ್ಲೇ, ವಿನೂಸ್ಕಿ ನದಿಯ ಬಯಲಿನಲ್ಲಿ ಇಂಟರ್‌ವೇಲ್ ಎಂಬ ಹೊಲಗಳ ನೆಲೆ ಇದೆ. 2023ರ ಜುಲೈನಲ್ಲಿ ನದಿ ಉಕ್ಕಿ ಆ ಹೊಲಗಳು ಮುಳುಗಿದವು. ಪ್ರವಾಹದ ನೀರು ತಾಗಿದ ತರಕಾರಿಯನ್ನು ಮಾರುವಂತಿಲ್ಲ. ಅಂಥ ವರ್ಷದಲ್ಲಿ ಸ್ಥಳೀಯದ ಅಂಕಿ ಇಳಿದರೆ ಕಾರಣವನ್ನೂ ಅಂಕಿಯ ಪಕ್ಕದಲ್ಲೇ ಬರೆಯುವುದು ಬಿಲ್ ಓದುವವನ ಕರ್ತವ್ಯ. ಇಲ್ಲವಾದರೆ ಮರುವರ್ಷ ಕುರ್ಚಿಯಲ್ಲಿ ಕೂತವರು ರೈತರನ್ನು ನಂಬಲಾಗದು ಎಂಬ ತೀರ್ಮಾನಕ್ಕೆ ಬಂದುಬಿಡಬಹುದು.

ಕೆಲವು ವಸ್ತು ಎಂದಿಗೂ ಆ ಉತ್ತರ ರಾಜ್ಯಗಳಿಗೆ ಸ್ಥಳೀಯವಾಗಲಾರವು. ಕಾಫಿ ಅಂಥದ್ದು. ಅದಕ್ಕಿರುವುದು ನ್ಯಾಯದ ಮತ್ತು ಪರಿಸರದ ಕಂಬಸಾಲು ಮಾತ್ರ: ಬೆಳೆಗಾರನಿಗೆ ತಕ್ಕ ಬೆಲೆ ಸಿಕ್ಕಿತೇ, ಮರದ ನೆರಳಲ್ಲಿ ಬೆಳೆಯಿತೇ? ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳನ್ನು ಕಂಡವರಿಗೆ ಈ ಪ್ರಶ್ನೆಗಳು ಹೊಸದಲ್ಲ. ಇನ್ನೊಂದು ವಸ್ತುವೂ ನಮ್ಮದೇ. ಬರ್ಗರಿನೊಳಗೆ ಹಾಕುವ ಉಪ್ಪಿನಕಾಯಿಯಂಥ ಸೌತೆಯ ಹೋಳಿಗೆ ಬೇಕಾದ ಮಿಡಿಸೌತೆಯನ್ನು ಕರ್ನಾಟಕದ ಸಣ್ಣ ರೈತರು 1990ರ ದಶಕದಿಂದ ಒಪ್ಪಂದ ಕೃಷಿಯಲ್ಲಿ ಬೆಳೆಯುತ್ತಿದ್ದಾರೆ. ಅದು ವಿನಿಗರ್ ಅಥವಾ ಉಪ್ಪುನೀರಿನ ಪೀಪಾಯಿಗಳಲ್ಲಿ ಅಮೆರಿಕಕ್ಕೂ ಯುರೋಪಿಗೂ ಹೋಗುತ್ತದೆ. ಅಲ್ಲಿ ಬೇರೆ ಬ್ರ್ಯಾಂಡಿನ ಹೆಸರು ಅಂಟಿದ ಮೇಲೆ ಬಿಲ್ಲಿನಲ್ಲಿ ಉಳಿಯುವುದು ಆ ಬ್ರ್ಯಾಂಡ್ ಮಾತ್ರ. ಅಮೆರಿಕದ ಯಾವುದೋ ಡೈನಿಂಗ್ ಹಾಲಿನ ಬಿಲ್ ಹಿಡಿದ ಕನ್ನಡದ ಹುಡುಗಿ ‘ಈ ಪಿಕಲ್ ಎಲ್ಲಿಯದು?’ ಎಂದು ವಿತರಕನನ್ನು ಕೇಳಿ, ಉತ್ತರಕ್ಕೆ ಪಟ್ಟು ಹಿಡಿದರೆ, ಆ ದಾರಿ ತುಮಕೂರಿನ ಕಡೆಯ ಒಂದು ಹೊಲಕ್ಕೆ ಬಂದು ಮುಟ್ಟಬಹುದು. ಆ ರೈತನಿಗೆ ಕಿಲೊಗೆ ಎಷ್ಟು ಸಿಕ್ಕಿತು ಎಂದು ಕೇಳುವ ಹಕ್ಕು ಬಿಲ್ ಓದುವವರಿಗಿದೆ ಎಂದು ನಾನು ನಂಬುತ್ತೇನೆ.

ಲೆಕ್ಕ ಮುಗಿದ ಮೇಲೆ ವರದಿಯನ್ನು ಯಾರ ಕೈಗೆ ಕೊಡಬೇಕು? ಅಡುಗೆ ಮುಖ್ಯಸ್ಥನಿಗೆ ಕೊಡಿ, ಅವನಿಗೆ ಉಪಯೋಗವಿದೆ. ಆದರೆ ಅವನೊಬ್ಬನಿಗೇ ಕೊಟ್ಟು ಸುಮ್ಮನಾಗಬೇಡಿ. ಊಟದ ಗುತ್ತಿಗೆ ಸಾಮಾನ್ಯವಾಗಿ ಕೆಲವು ವರ್ಷಗಳಿಗೆ ಒಮ್ಮೆಲೇ ಬರೆದಿರುತ್ತದೆ, ಆಮೇಲೆ ಹೊಸ ಟೆಂಡರ್ ಕರೆಯುತ್ತಾರೆ. ಆ ದಿನಾಂಕವನ್ನು ಮೊದಲೇ ತಿಳಿದುಕೊಂಡು, ಹಲವು ತಿಂಗಳು ಮುಂಚೆಯೇ ಖರೀದಿ ವಿಭಾಗದವರ ಎದುರು ವರದಿ ಇಡಿ. ಟೆಂಡರಿನಲ್ಲಿ ಮೂರು ವಾಕ್ಯ ಸೇರಿಸಲು ಕೇಳಿ. ಸ್ಥಳೀಯ ಮತ್ತು ಸುಸ್ಥಿರ ಖರೀದಿಯ ಕನಿಷ್ಠ ಪಾಲು ಇಷ್ಟಿರಬೇಕು, ಅದನ್ನು ಅಳೆಯುವ ಗೆರೆ ಇದು. ವಿತರಕ ಪ್ರತಿ ತಿಂಗಳು ಖರೀದಿಯ ಪಟ್ಟಿಯನ್ನು ಸ್ಪ್ರೆಡ್‌ಶೀಟಿನಲ್ಲಿ ಕೊಡಬೇಕು, ಅದರಲ್ಲಿ ಹೊಲದ ಅಥವಾ ಉತ್ಪಾದಕನ ಹೆಸರು ಮತ್ತು ಊರಿಗೆ ಒಂದು ಕಂಬಸಾಲು ಇರಬೇಕು. ರಿಬೇಟಿನ ಮೊತ್ತವನ್ನು ವಿಶ್ವವಿದ್ಯಾಲಯಕ್ಕೆ ತಿಳಿಸಬೇಕು. ಮೊದಲ ಎರಡು ವಾಕ್ಯಕ್ಕೆ ಕಂಪನಿಗಳು ಚೌಕಾಸಿ ಮಾಡಿ ಒಪ್ಪಿಕೊಳ್ಳಬಹುದು. ಮೂರನೆಯದಕ್ಕೆ ವಾದ ಹೂಡುತ್ತವೆ, ಅದಕ್ಕೆ ತಯಾರಾಗಿ ಹೋಗಿ.